ಸೂಜಿ ಕೆಂಪಿಗೆ ಹೋಗದ ಸಂಜೆ

ಅರಸೀಕೆರೆಯ ತೆಂಗು ಬೆಳೆಗಾರರ ಭವನದಲ್ಲಿ
ಎರಡು ಬಾಕ್ಸು, ಮೂರು ಮೈಕು ಕಟ್ಟಿ ಮುಗಿಸಿ
ವೈರಿನ ಮೇಲೆ ಚಾಪೆ ಹಾಸುತ್ತಿದ್ದೆ.
ಹಿಂದಿನಿಂದ ಭುಜ ಮುಟ್ಟಿದರು
ಬಾಣಾವರದ ಕೆಂಚರಾಯಪ್ಪನವರು.
ಎಂಬತ್ತಮೂರು. ಹೊಸ ಪಂಚೆ, ಹಳೇ ಕೋಟು.
ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟು ತೆಗೆದು
ಕರವಸ್ತ್ರದಲ್ಲಿ ಸುತ್ತಿ
ನನ್ನ ಅಂಗಿ ಜೇಬಿಗೆ ಇಳಿಸಿದರು.
ಇದಿದ್ದರೆ ಪೀಪಿ ನಿಲ್ಲಲ್ಲ ನಜೀರಾ, ಆಮೇಲೆ ಕೊಡು
ಎಂದರು, ಅಥವಾ ಅಂಥದ್ದೇನೋ.
ಹಲ್ಲಿಲ್ಲದ ಬಾಯಲ್ಲಿ ಅರ್ಧ ಗಾಳಿ.

ನಮ್ಮಪ್ಪ ಗಫಾರ್ ಸಾಬರ ಕಾಲದಲ್ಲಿ
ಮೈಕು ಕಂಡರೆ ಇವರಿಗೆ ಆಗುತ್ತಿರಲಿಲ್ಲ.
ಸ್ಟ್ಯಾಂಡನ್ನು ಕಾಲಲ್ಲೇ ಆಚೆ ಸರಿಸಿ
ಭಾಷಣ ಮಾಡೋರಿಗೆ ಕೊಡಿ ಅನ್ನೋರು.
ಚಪ್ಪರದಲ್ಲಿ ಇವರು ಊದಿದರೆ
ಬೆಂಡೇಕೆರೆ ದಾರಿಯಲ್ಲಿ ಗಾಡಿ ಎತ್ತು
ಕಿವಿ ನಿಮಿರಿಸಿ ನಿಲ್ಲುತ್ತಿತ್ತು ಅಂತ ಅಪ್ಪ.
ಅಪ್ಪ ಹೇಳಿದ್ದರಲ್ಲಿ ಅರ್ಧ ಕಳೆಯಬೇಕು.
ಕಳೆದರೂ ರೈಲ್ವೆ ಗೇಟಿನ ತನಕ ಬರುತ್ತದೆ.

ರಾಗದ ಹೆಸರು ನನಗೆ ಬರುವುದಿಲ್ಲ.
ಎತ್ತರ ಗೊತ್ತು: ಆಂಪ್ಲಿಫೈಯರಿನ ಸೂಜಿ
ಯಾವಾಗ ಕೆಂಪಿಗೆ ಹಾರುತ್ತದೆ,
ಯಾವಾಗ ಬೆರಳು ಗುಬುಟಿನ ಮೇಲೆ ಸಿದ್ಧವಿರಬೇಕು.
ಹನ್ನೊಂದು ವರ್ಷದವನಿದ್ದಾಗ
ದೂರ ತಳ್ಳಿಸಿಕೊಂಡ ಮೈಕಿನಲ್ಲೂ
ಸೂಜಿ ಕೊನೆಗೆ ಬಡಿದು ನಡುಗಿದ್ದು
ಇವರೊಬ್ಬರಿಗೇ.

ಇವತ್ತು ಎರಡು ಬೆರಳಲ್ಲಿ
ತಾವೇ ಮೈಕನ್ನು ಹತ್ತಿರ ಎಳೆದುಕೊಂಡರು.
ನಾನು ನೋಡಲಿಲ್ಲವೆನ್ನುವಂತೆ ವೈರು ಸರಿಮಾಡಿದೆ.
ಪಕ್ಕದಲ್ಲಿ ಶ್ರುತಿ ಹಿಡಿಯುತ್ತಿದ್ದ ತಮ್ಮ
ಹೋಗಿ ಆರು ವರ್ಷ.
ಆ ಜಾಗದಲ್ಲೊಂದು ಶ್ರುತಿಪೆಟ್ಟಿಗೆ,
ಅದಕ್ಕೂ ನನ್ನದೇ ಪ್ಲಗ್ಗು.

ಮೊದಲು ಬಂದದ್ದು ಬರೀ ಉಸಿರು.
ಆಮೇಲೆ ಸ್ವರ, ಅದರ ಹಿಂದೆಯೇ ಬಿರುಕು.
ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು.
ನನಗೆ ತಡೆಯಲಾಗದೆ ಎಕೋ ಸ್ವಲ್ಪ ತಿರುಗಿಸಿದೆ,
ಒಂದು ಸ್ವರದ ಬಾಲ ಇನ್ನೊಂದನ್ನು ಮುಟ್ಟುವಷ್ಟು,
ಗೋಡೆಯ ಬಿರುಕಿಗೆ ಸುಣ್ಣ ಬಳಿದಂತೆ.
ಊದುತ್ತಲೇ ಕಣ್ಣೆತ್ತಿ ನನ್ನನ್ನೇ ನೋಡಿದರು.
ನಾಗಸ್ವರದ ತೂತು ಬಿಟ್ಟೆದ್ದ ಕಿರುಬೆರಳು
ಕೆಳಗೆ ತೋರಿಸಿತು.
ತೆಗಿ.

ತೆಗೆದೆ.
ಕಿವಿ ಸುಟ್ಟುಕೊಂಡಂತಾಯಿತು.
ಡೋಲಿನ ಮುದ್ದಯ್ಯ, ಕುಂಟುವವರ ಜೊತೆ ನಡೆಯುವವನು
ಗೊತ್ತಾಗದಂತೆ ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತಾನಲ್ಲ,
ಹಾಗೆ ಕೈ ಇಳಿಸಿದ.

ಅಷ್ಟರಲ್ಲಿ ಗೂಡ್ಸು ರೈಲು.
ಈ ಊರಿನ ಸಭೆಗಳಿಗೆಲ್ಲ ಅಭ್ಯಾಸ,
ಮಂತ್ರಿಯಾದರೂ ಮಾತು ನಿಲ್ಲಿಸಲೇಬೇಕು.
ಪೀಪಿ ಬಾಯಿಂದ ತೆಗೆದು ಒರೆಸಿಕೊಂಡು
ಕೂತರು, ನಗುತ್ತ, ಒಸಡು ತೋರಿಸುತ್ತ.
ಬೋಗಿ ಎಣಿಸುತ್ತಿದ್ದರೋ ಏನೋ.
ಕೊನೆಯ ಬೋಗಿ ದಾಟಿದ ಮೇಲೆ ತೆಳ್ಳಗೆ ಉಳಿದ
ಆ ಕಬ್ಬಿಣದ ದನಿಯ ತುದಿಯಿಂದಲೇ
ಹಿಡಿದುಕೊಂಡರು.

ಕೆಳಗಿನ ಸ್ವರಗಳಲ್ಲೇ, ಮೇಲೆ ಹತ್ತದೆ.
ಸೂಜಿ ಎರಡರ ಮೇಲೆ ಒಮ್ಮೆಯೂ ಏಳಲಿಲ್ಲ.
ನಲವತ್ತು ವರ್ಷ ನನ್ನ ಕೆಲಸ
ದೂರ ಕೂತವರಿಗೆ ಮುಟ್ಟಿಸುವುದು.
ಅವತ್ತು ದೂರ ಕೂತವರೇ
ಸದ್ದಾಗದಂತೆ ಕುರ್ಚಿ ಎತ್ತಿಕೊಂಡು ಮುಂದೆ ಬಂದರು.
ಏಪ್ರಿಲ್ ತಿಂಗಳು. ಯಾರೋ ಎದ್ದು
ಫ್ಯಾನು ಆರಿಸಿದರು.

ಎಷ್ಟು ಹೊತ್ತೋ ಗೊತ್ತಿಲ್ಲ.
ಗುಬುಟಿನ ಮೇಲೆ ನನ್ನ ಬೆರಳಿರಲಿಲ್ಲ ಅನ್ನುವುದು
ಆಮೇಲೆ ಹೊಳೆಯಿತು.

ಶಾಲು, ಪೇಟ, ಹಣ್ಣಿನ ಬುಟ್ಟಿ.
ಎರಡು ಮಾತು ಆಡಬೇಕೆಂದು ಕಾರ್ಯದರ್ಶಿ
ಮೈಕು ಮುಂದೆ ಹಿಡಿದರೆ
ತುಟಿ ಬಿಗಿದು ಬರೀ ತಲೆಯಾಡಿಸಿದರು.
ಎಂಥಾ ವಿನಯ ನೋಡಿ ಸ್ವಾಮಿ! ಎಂದರು ಕಾರ್ಯದರ್ಶಿ.
ಚಪ್ಪಾಳೆಯೋ ಚಪ್ಪಾಳೆ.
ಹಾರದ ಮೇಲಿಂದ ಇವರ ಕಣ್ಣು ನನ್ನನ್ನು ಹುಡುಕುತ್ತಿದೆ,
ನಾನು ಕೀರಲಿಡುವ ಬಾಕ್ಸಿನ ಹತ್ತಿರ ಸಿಕ್ಕಿಕೊಂಡಿದ್ದೇನೆ,
ಜೇಬಿನೊಳಗಿಂದ ಹಲ್ಲು
ಎದೆ ಕಚ್ಚುತ್ತಿದೆ.

ಭವನದ ಹಿಂದಿನ ನಲ್ಲಿಯಲ್ಲಿ ತೊಳೆದು
ಕೂರಿಸಿಕೊಂಡು, ದವಡೆ ಎರಡು ಸಲ ಆಡಿಸಿ,
ಆ ಸಂಜೆಯ ಮೊದಲ ಸ್ಪಷ್ಟ ಮಾತು ಕೇಳಿದರು:
ಬಾಡಿಗೆ ಕೊಟ್ಟರೇನೋ ನಿನಗೆ?